ಬಾಯಿಪಾಠ

ಸಂಶೋಧಕಿ ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲೇ ಎದುರು ಕೂತ ಅಜ್ಜಿ ಗಿಳಿಪಾಠ ಒಪ್ಪಿಸಿಬಿಟ್ಟರು: “ಬೀಗ, ನವಿಲು, ಸೇತುವೆ, ನೀಲಿ, ಗುಂಡಿ.”

ಅವಳು ಓದಿ ಹೇಳಬೇಕಿದ್ದದ್ದು ಆ ಐದು ಪದಗಳನ್ನೇ. ಆಮೇಲೆ ಐದು ನಿಮಿಷ ಬೇರೆ ಮಾತಾಡಿ, ಎಷ್ಟು ನೆನಪಿದೆ ಎಂದು ಕೇಳಬೇಕಿತ್ತು. ಪ್ರತಿ ಭೇಟಿಗೂ ಅದೇ ಪಟ್ಟಿ. ಮರೆವಿನ ಕಾಯಿಲೆಯ ಹೊಸ ಔಷಧವನ್ನು ಸರ್ಕಾರದ ಹಣದಲ್ಲಿ ಪರೀಕ್ಷಿಸುತ್ತಾ ಎರಡು ವರ್ಷವಾಗಿತ್ತು. ಉಳಿದವರೆಲ್ಲ ಒಂದೊಂದೇ ಪದ ಕಳೆದುಕೊಳ್ಳುತ್ತಿದ್ದರೆ, ಈ ಅಜ್ಜಿ ಮಾತ್ರ ಪ್ರತಿ ಸಲವೂ ಐದಕ್ಕೆ ಐದು. ಮೇಲಿನವರು ಇವರ ಅಂಕದ ಹಾಳೆ ಹಿಡಿದುಕೊಂಡೇ ಕುಣಿಯುತ್ತಿದ್ದರು.

ಅವಳು ಪಕ್ಕದಲ್ಲಿದ್ದ ತಾತನನ್ನು ನೋಡಿದಳು. ನಿವೃತ್ತ ಬಸ್ ಡ್ರೈವರ್. ಹೆಂಡತಿಯನ್ನು ಒಂದು ಸಲವೂ ತಪ್ಪಿಸದೆ ಕರೆತಂದವರು. ಅವರ ಕೈ ತಟ್ಟನೆ ಅಂಗಿಯ ಜೇಬನ್ನು ಮುಚ್ಚಿಕೊಂಡಿತು. ಬೆರಳ ಸಂದಿಯಿಂದ ಮಡಿಸಿ ಮಡಿಸಿ ಸವೆದ ಚೀಟಿಯೊಂದು ಇಣುಕುತ್ತಿತ್ತು.

“ಮೊದಲ್ನೇ ಸಲ ಬಂದಾಗ್ಲೇ ಬರ್ಕೊಂಡೆ ಕಣಮ್ಮ. ಮಾರ್ಕ್ಸ್ ಕಮ್ಮಿ ಬಂದ್ರೆ ಔಷಧಿ ನಿಲ್ಲಿಸ್ಬಿಡ್ತೀರೇನೋ ಅಂತ ಭಯ ಆಯ್ತು.”

ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಏನ್ ಕೆಲ್ಸ ಮಾಡಿದ್ರಿ ತಾತ...” ಎಂದು ಶುರು ಮಾಡುವಷ್ಟರಲ್ಲಿ ಅಜ್ಜಿ ಅವಳ ಕೈ ಹಿಡಿದುಕೊಂಡರು.

“ಅವರನ್ನ ಬೈಬೇಡಮ್ಮ. ಪಾಪ, ದಿನಾ ಬೆಳಗ್ಗೆ ಬಂದು ಹೇಳ್ಕೊಡ್ತಾರೆ. ಎಷ್ಟ್ ಸಲ ತಪ್ಪಿದ್ರೂ ಗದರಲ್ಲ.” ಆಮೇಲೆ ಗಂಡನ ಕಡೆ ತಿರುಗಿ ಸಂಕೋಚದಿಂದ ನಕ್ಕರು. “ಸಂಜೆ ತನಕ ಇರಿ ಮೇಷ್ಟ್ರೇ. ನಮ್ಮ ಯಜಮಾನ್ರು ಬಸ್ಸನ್ನ ಡಿಪೋಗೆ ಬಿಟ್ಟು ಬರ್ತಾರೆ, ಪರಿಚಯ ಮಾಡಿಸ್ತೀನಿ.”