ಜೋಡಿ ಚಕ್ರ

ಕೆಸರಿನ ಅಂಚಿಗೆ ಬಂದೊಡನೆ ಅತ್ತೆ ಕ್ಲಚ್ಚು ತುಳಿದು ಟ್ರ್ಯಾಕ್ಟರ್ ನಿಲ್ಲಿಸಿದರು. ಈ ತಗ್ಗು ಹೊಲದಲ್ಲಿ ಆ ಹಳೇ ಗಾಡಿ ಪ್ರತಿವರ್ಷ ಹೂತುಕೊಂಡು, ನೋಡಿದವರೆಲ್ಲ ನಗುವಂತಾಗುತ್ತಿತ್ತು. ಈ ಸಲ ಸೊಸೆ ಹಿಂದಿನ ಎರಡೂ ಚಕ್ರಗಳ ಹೊರಬದಿಗೆ ಇನ್ನೊಂದೊಂದು ಚಕ್ರ ಜೋಡಿಸಿದ್ದಳು. ಜೋಡಿ ಚಕ್ರಗಳ ನಡುವೆ ಕೂರುವ ಕಬ್ಬಿಣದ ಬಳೆಗಳನ್ನು ತಾನೇ ವೆಲ್ಡಿಂಗ್ ಮಾಡಿದ್ದಳು.

"ನಟ್ಟೆಲ್ಲ ಗಟ್ಟಿಯಾಗಿದೆ ತಾನೆ?" ಎಂದರು ಅತ್ತೆ.

"ಮೂರು ಸಲ ಬಿಗಿದಿದೀನಿ. ಮಧ್ಯದಲ್ಲಿ ಮಾತ್ರ ನಿಲ್ಲಿಸಬೇಡಿ ಅತ್ತೆ."

ಅತ್ತೆ ಹಲ್ಲು ಕಚ್ಚಿ ಗೇರು ಹಾಕಿದರು. ಹಿಂದಿನ ನಾಲ್ಕೂ ಟೈರುಗಳು ಪಚಪಚನೆ ಕೆಸರು ತುಳಿದವು. ಸದಾ ಹೂತುಕೊಳ್ಳುತ್ತಿದ್ದ ಜಾಗದಲ್ಲಿ ಎಂಜಿನ್ನಿನ ಸದ್ದು ಕುಗ್ಗಿತು. ಬದುವಿನ ಮೇಲೆ ಜೊತೆಜೊತೆಗೇ ಓಡುತ್ತಿದ್ದ ಸೊಸೆ "ನಿಲ್ಲಿಸಬೇಡಿ" ಎಂದು ಕೂಗಿದಳು. ಗಾಡಿ ಒಮ್ಮೆ ತೂಗಾಡಿ, ಗುರ್ ಎಂದು ಮುಂದಕ್ಕೆ ಉರುಳಿತು. ನೇಗಿಲ ಹಿಂದೆ ಕಪ್ಪು ಮಣ್ಣು ಹೊಳೆಯುತ್ತ ಮಗುಚಿಕೊಂಡಿತು.

ಹೊಲದ ಆಚೆ ತುದಿಯಲ್ಲಿ ಅತ್ತೆ ಗಾಡಿ ನಿಲ್ಲಿಸಿದರು. ಹೆತ್ತ ಮಗನಿಗೂ ಬಿಟ್ಟುಕೊಡದ ಸೀಟಿನಿಂದ ಎದ್ದು, ಮಡ್ಗಾರ್ಡಿನ ಮೇಲೆ ಸರಿದು ಕುಳಿತರು. "ಈ ಸಲ ಯಾರೂ ನಗೋ ಹಾಗಿಲ್ಲ ಕಣೇ. ವಾಪಸ್ಸು ನೀನೇ ಓಡಿಸು ಬಾ."

ಸೊಸೆ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುವುದನ್ನೂ ಮರೆತು ಹತ್ತಿ ಕುಳಿತಳು.