ಕೆನ್ನೆಗೆ ಉಜ್ಜಿದ ಬಟ್ಟಲು

ಎಲ್ಲಾದರೂ ಬಡಗಿಗಳು ಮರಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದರೆ, ಆ ಹುಡಿಯ ವಾಸನೆಗೆ ಈಗಲೂ ನನ್ನ ಕೈ ಕೆನ್ನೆಗೆ ಹೋಗುತ್ತದೆ.

ಉದಯಗಿರಿಯ ನಮ್ಮ ಮನೆ ಮುಂದಿನ ಶೆಡ್ಡಿನಲ್ಲಿ ಅಪ್ಪ ಲೇತ್ ಮೇಲೆ ಮರದ ಬಟ್ಟಲು ಕಡೆಯುತ್ತಿದ್ದರು. ಬಟ್ಟಲಿನ ಹೊಟ್ಟೆ ದುಂಡಗಾಗಿ ಅಂಚು ತೆಳುವಾಗುವವರೆಗೂ ಬಿಡುತ್ತಿರಲಿಲ್ಲ. ನುಣುಪು ಬಂತೋ ಇಲ್ಲವೋ ಅವರ ಬೆರಳಿಗೇ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಮಾತ್ರ ಅಂಚನ್ನು ಮತ್ತೆ ಮತ್ತೆ ಸವರಿ ನೋಡುತ್ತಲೇ ಇದ್ದರು. ಆಮೇಲೆ ನನ್ನನ್ನು ಕರೆದು, ಬಟ್ಟಲನ್ನು ನನ್ನ ಕೆನ್ನೆಗೆ ಮೆಲ್ಲಗೆ ಉಜ್ಜಿದರು.

"ಚುಚ್ಚುತ್ತಾ ಪುಟ್ಟಿ?"

"ಇಲ್ಲ ಕಣಪ್ಪ, ನುಣ್ಣಗಿದೆ."

ಕಾಫಿ ತಂದ ಅಮ್ಮ ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು. ಸೆರಗಿಗೆ ರಕ್ತ ಅಂಟಿತು. ಕೆನ್ನೆಯಲ್ಲಿ ಗಾಯವೇ ಇರಲಿಲ್ಲ. ಅವಳು ಅಪ್ಪನ ಕೈ ಎಳೆದು ತಿರುಗಿಸಿ ನೋಡಿದಳು. ಬೆರಳ ತುದಿಯಲ್ಲಿ ಮರದ ಸಿಬಿರು ಆಳವಾಗಿ ಹೊಕ್ಕಿತ್ತು.

"ಯಾವಾಗ್ರೀ ಚುಚ್ಕೊಂಡ್ರಿ ಇದನ್ನ?"

"ಸಿಬಿರು ಚುಚ್ಚಿದ್ಯಾ ನಂಗೆ?" ಎಂದು ಅಪ್ಪ ಅವಳನ್ನೇ ಕೇಳಿದರು.