ಬಲರೆಕ್ಕೆಯ ಐದು ಗರಿ

ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ಹಕ್ಕಿ ಆಸ್ಪತ್ರೆಯ ಮೇಜಿನ ಮೇಲಿಟ್ಟು ಪಾನ್ ಮುಖ ತಿರುಗಿಸಿಕೊಂಡ. ಮೇಜಿನ ಇನ್ನೊಂದು ತುದಿಯಲ್ಲಿ ಮತ್ತಿನ ಮದ್ದು ಕೊಟ್ಟು ಮಲಗಿಸಿದ್ದ ಬೂದುಮುಖದ ಗಿಡುಗವಿತ್ತು. ಯಾರದೋ ಕೋಳಿಗೂಡಿನ ಬಲೆಗೆ ಸಿಕ್ಕಿ ಅದರ ಬಲರೆಕ್ಕೆಯ ಐದು ದೊಡ್ಡ ಗರಿಗಳು ಅರ್ಧಕ್ಕೇ ಮುರಿದಿದ್ದವು. ಹೊಸ ಗರಿ ಬರಬೇಕಾದರೆ ಒಂದು ವರ್ಷ. ಈ ಸಲದ ಕೊನೆಯ ಹಿಂಡೋ ಆಗಲೇ ಹಿಂದಿನ ಗುಡ್ಡದಲ್ಲಿ ಇಳಿದಿತ್ತು. ಬೆಳಗಾದರೆ ತೈವಾನಿನ ಈ ತುದಿ ಬಿಟ್ಟು, ಸಮುದ್ರ ದಾಟಿ ಫಿಲಿಪೈನ್ಸ್ ಕಡೆ ಹೊರಡುತ್ತದೆ. ಜೊತೆಗೆ ಹಾರಿದರೆ ಹಕ್ಕಿ ಬದುಕಿತು. ಇಲ್ಲವಾದರೆ ಪಂಜರ, ಮತ್ತು ಪಂಜರದಲ್ಲಿ ವರ್ಷ ಕಳೆದ ಗಿಡುಗಗಳು ಕಾಲು ಕೊಳೆತು ಸತ್ತದ್ದನ್ನು ಅಲ್ಲಿದ್ದ ಮೂವರೂ ಕಂಡವರೇ.

ಡಾಕ್ಟರ್ ಯೆನ್ ಡಬ್ಬಿ ತೆರೆದಳು. ಕರ್ಪೂರದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಇಡೀ ರೆಕ್ಕೆ. ಇದೇ ಜಾತಿಯ ಗಿಡುಗದ್ದು, ಬಲರೆಕ್ಕೆ. ಎರಡು ವರ್ಷದ ಹಿಂದಿನವರೆಗೆ ತೈಪೆಯಲ್ಲಿ ಸಾಹುಕಾರರ ನಾಯಿಗಳ ಉಗುರು ಕತ್ತರಿಸಿಕೊಂಡಿದ್ದ ಅವಳಿಗೆ ಇಲ್ಲಿಯ ಹಕ್ಕಿಗಳನ್ನು ಒಂದೊಂದಾಗಿ ಕಲಿಸಿಕೊಟ್ಟವನು ಈ ಪಾನ್. ಅಕ್ಟೋಬರ್ ಬಂತೆಂದರೆ ಗುಡ್ಡದ ಮೇಲೆ ಕೂತು ದಕ್ಷಿಣಕ್ಕೆ ಹೋಗುವ ಗಿಡುಗಗಳನ್ನು ಎಣಿಸುವುದು ಅವನ ಕೆಲಸ.

"ಇದೆಲ್ಲಿಂದ ಬಂತು ಅಂತ ನಾನು ಕೇಳಲ್ಲ ಮಾಮ," ಎಂದಳು.

"ಕೇಳ್ಬೇಕು ಡಾಕ್ಟ್ರಮ್ಮ. ನಾನೇ ಹೊಡೆದದ್ದು. ಮೂವತ್ತೆರಡು ವರ್ಷ ಆಯ್ತು. ರಾತ್ರಿ ಮರಕ್ಕೆ ಬ್ಯಾಟ್ರಿ ಬಿಟ್ರೆ ಪಾಪದವು ಕೂತಲ್ಲೇ ಕೂತಿರ್ತಿದ್ವು. ಬಿದಿರಿನ ಗಳ ತಗೊಂಡು ಬಡಿದು ಕೆಡವೋದು. ಇದೇ ನನ್ನ ಕೊನೇದು. ಆಮೇಲೆ ಗಳ ಮುಟ್ಟಲಿಲ್ಲ. ಯಾಕೆ ಅಂದ್ರೆ ನಂಗೂ ಗೊತ್ತಿಲ್ಲ. ರೆಕ್ಕೆ ಎಸೆಯೋಕೂ ಕೈ ಬರ್ಲಿಲ್ಲ."

ಡಾಕ್ಟರ್ ರೆಕ್ಕೆಯನ್ನು ಫುಮೇ ಕಡೆಗೆ ಸರಿಸಿದಳು. ಫುಮೇ ನಲವತ್ತು ವರ್ಷ ಎಣ್ಣೆಕಾಗದದ ಕೊಡೆ ಕಟ್ಟಿದವಳು. ಕೊಡೆಯಂಗಡಿ ಮುಚ್ಚಿದ ಮೇಲೆ ಇಲ್ಲಿ ಪಂಜರ ತೊಳೆಯಲು ಸೇರಿದ್ದಳು. ಅವಳು ಬಿದಿರು ಸೀಳುವ ಚಂದ ಕಂಡು ಡಾಕ್ಟರೇ ಅವಳನ್ನು ಗರಿ ಕೂಡಿಸಲು ಹಚ್ಚಿದ್ದಳು. ಗರಿಯ ದಂಟು ಒಳಗೆ ಟೊಳ್ಳು. ಮುರಿದು ಉಳಿದ ತುಂಡಿನೊಳಗೆ ಹಲ್ಲುಕಡ್ಡಿಗಿಂತ ಸಣ್ಣ ಬಿದಿರ ಸೀಳು ತೂರಿಸಿ, ಅದರ ಇನ್ನೊಂದು ತುದಿಗೆ ಬೇರೆ ಗರಿ ಸಿಕ್ಕಿಸಿ, ಒಂದು ಹನಿ ಅಂಟು ಬಿಟ್ಟರೆ ಆಯಿತು. ಹೇಳಲು ಸುಲಭ. ಈವರೆಗೆ ಅವಳು ಒಂದೆರಡು ಗರಿ ಕೂಡಿಸಿದ್ದಳೇ ಹೊರತು ಐದನ್ನು ಒಟ್ಟಿಗೆ ಕೂಡಿಸಿದವಳಲ್ಲ.

ಫುಮೇ ರೆಕ್ಕೆಯಿಂದ ಐದು ಗರಿ ಬಿಡಿಸಿ, ತುದಿಗಳನ್ನು ಜೋಡಿಸಿ ಹಿಡಿದು, ಐದನ್ನೂ ಒಂದೇ ಅಳತೆಗೆ ಕತ್ತರಿಸಲು ಚಾಕು ಎತ್ತಿದಳು.

"ಏ, ಏ! ನಿಲ್ಸು!" ಪಾನ್ ಅವಳ ಕೈಯನ್ನೇ ಹಿಡಿದುಬಿಟ್ಟ. "ಸಮ ಮಾಡ್ಬೇಡ ಮಾರಾಯ್ತಿ!"

"ಕಡ್ಡಿ ಸಮ ಇಲ್ದಿದ್ರೆ ಕೊಡೆ ಬಿಚ್ಕೊಳ್ಳೋದು ಹೇಗೆ?"

"ಇದು ಕೊಡೆ ಅಲ್ಲ ತಾಯಿ. ಹೊರಗಿನ ಗರಿ ಗಿಡ್ಡ, ಮೂರನೇದು ಎಲ್ಲಕ್ಕಿಂತ ಉದ್ದ. ಎಲ್ಲಾ ಒಂದೇ ಆದ್ರೆ ಸಮುದ್ರದ ಮಧ್ಯೆ ಗಿರಗಿಟ್ಲೆ ತಿರುಗಿ ಬೀಳುತ್ತೆ. ಕೊಡು ಇಲ್ಲಿ." ಅವನು ಕಣ್ಣು ಮುಚ್ಚಿ, ಬೆರಳಲ್ಲೇ ಗರಿ ತಡವಿ ಒಂದೊಂದನ್ನೇ ಅವಳ ಕೈಗಿಟ್ಟ. "ಮೊದಲನೇದು. ಇದು ಎರಡು. ಇದು ಮೂರು."

"ಕಣ್ಣು ಮುಚ್ಕೊಂಡು ಹೇಗೆ ಗೊತ್ತಾಗುತ್ತೆ ನಿಂಗೆ?"

"ಕತ್ತಲಲ್ಲಿ ಕಲಿತದ್ದು," ಎಂದ ಪಾನ್. "ಈ ಕೈ ಎಷ್ಟು ಪುಕ್ಕ ಕಿತ್ತಿದೆ ಅಂತ ಕೇಳ್ಬೇಡ."

ಫುಮೇ ಕೇಳಲಿಲ್ಲ. ಎರಡು ತಾಸು ಬಗ್ಗಿದ ತಲೆ ಎತ್ತದೆ ಕೂಡಿಸಿದಳು. ಐದನೆಯ ಗರಿ ಕೂತ ಮೇಲೆ ಸೊಂಟ ಹಿಡಿದುಕೊಂಡು ಎದ್ದು, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ಯಾರು ಅಂತ ಇವತ್ತು ಗೊತ್ತಾಯ್ತು," ಎಂದಳು.

"ಬೈಯಿ. ಚೆನ್ನಾಗಿ ಬೈಯಿ."

"ಬೈದಾಯ್ತು. ಈಗ ಇದನ್ನ ತಿನ್ನು, ಬೆಳಗಿಂದ ಉಪವಾಸ ಇದ್ದೀಯ." ಅವಳು ಹೆಸರುಬೇಳೆ ಪಾಯಸದ ಬಟ್ಟಲು ಅವನ ಮುಂದಿಟ್ಟಳು. "ಬಚ್ಚಿಟ್ಕೊಂಡೇ ಸಾಯಬಹುದಿತ್ತು ನೀನು. ತಂದು ಕೊಟ್ಟೆಯಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ."

ಪಾನ್ ಎರಡು ಚಮಚ ತಿಂದ. ಮೂರನೆಯದನ್ನು ಬಟ್ಟಲಲ್ಲೇ ಬಿಟ್ಟು ಗಿಡುಗದ ಪಕ್ಕ ಹೋಗಿ ಕೂತ.

ಬೆಳಗ್ಗೆ ಗುಡ್ಡದ ಮೇಲೆ ಮೂವರೂ ಇದ್ದರು. ಬೆಟ್ಟದ ಗಾಳಿ ಸಮುದ್ರದ ಕಡೆ ಬೀಸುತ್ತಿತ್ತು. ಹಿಂಡು ಆಗಲೇ ಮೇಲೆ ಸುತ್ತು ಹಾಕುತ್ತಿತ್ತು. ಡಾಕ್ಟರ್ ಕೈಯಲ್ಲಿದ್ದ ಹಕ್ಕಿಯನ್ನು ಬಿಟ್ಟಳು. ಗಿಡುಗ ನೇರ ಕೆಳಗೆ ಹೋಯಿತು, ಹುಲ್ಲಿಗೆ ಎದೆ ತಾಗುವಷ್ಟು ಕೆಳಗೆ. ಫುಮೇ ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಬಿಡುವಾಗ ಅದು ಗಾಳಿಗೆ ಬಲರೆಕ್ಕೆ ಕೊಟ್ಟು ಮೇಲೇರುತ್ತಿತ್ತು. ಕೂಡಿಸಿದ ಐದು ಗರಿಗಳು ಉಳಿದವಕ್ಕಿಂತ ತುಸು ಮಸುಕಾಗಿದ್ದವು, ಅಷ್ಟೇ ವ್ಯತ್ಯಾಸ. ಹಕ್ಕಿ ಹಿಂಡಿಗೆ ಸೇರಿತು, ಹಿಂಡು ನೀರಿನ ಮೇಲೆ ಸಾಗಿತು. ಫುಮೇ ನಾಚಿಕೆ ಬಿಟ್ಟು ಅತ್ತಳು. ಪಾನ್ ಅವಳೆದುರು ನಿಂತು, ದೇವರ ಮುಂದೆ ಬಗ್ಗುವ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ.

ಹಿಂಡನ್ನು ಅದು ಮೇಲೇಳುವಾಗಲೇ ಎಣಿಸಿಟ್ಟಿದ್ದ. ಆಮೇಲೆ ಉಳಿದ ಕೆಲಸ ನೆನಪಾಗಿ ಜೇಬಿನಿಂದ ಎಣಿಕೆ ಯಂತ್ರ ತೆಗೆದು ಗುಂಡಿ ಒತ್ತಿದ. ಟಕ್, ಟಕ್.

"ಮಾಮ, ನಾವು ಬಿಟ್ಟಿದ್ದು ಒಂದೇ ಹಕ್ಕಿ," ಎಂದಳು ಡಾಕ್ಟರ್. "ಎರಡು ಸಲ ಒತ್ತಿದ್ರಿ."

"ಸರಿಯಾಗೇ ಒತ್ತಿದ್ದೀನಿ ಡಾಕ್ಟ್ರಮ್ಮ," ಎಂದ ಪಾನ್, ಸಮುದ್ರದಿಂದ ಕಣ್ಣು ತೆಗೆಯದೆ. "ಇನ್ನೊಂದು ಮೂವತ್ತೆರಡು ವರ್ಷ ತಡವಾಗಿ ಹೊರಟಿತು."